ಒರಟು ಉಂಗುರದ ಜಾತಕ

ಜಪಾನಿನ ಪಶ್ಚಿಮ ಕರಾವಳಿಯ ನೀಗಾತ ಪ್ರಾಂತ್ಯದಲ್ಲಿ ಇತೊಯಿಗಾವ ಎಂಬ ಊರಿದೆ. ಅಲ್ಲಿನ ಕಡಲತೀರದಲ್ಲಿ ಮರಳಿಗಿಂತ ಕಲ್ಲೇ ಹೆಚ್ಚು. ಬೂದು, ಕಪ್ಪು, ಕೆಂಪು, ಬಿಳಿ, ಎಲ್ಲವೂ ಅಲೆಗೆ ಉರುಳಿ ಉರುಳಿ ನುಣುಪಾದವು. ರಾತ್ರಿ ಕಡಲು ಅಬ್ಬರಿಸಿತೆಂದರೆ ಬೆಳಿಗ್ಗೆ ತೀರದ ತುಂಬ ಜನ. ಅಜ್ಜಂದಿರು, ಶಾಲೆಯ ಮಕ್ಕಳು, ಪ್ರವಾಸಿಗರು ಎಲ್ಲರೂ ಬಗ್ಗಿ ನಡೆಯುತ್ತ ಕಲ್ಲು ನೋಡುತ್ತಾರೆ. ಅವರು ಹುಡುಕುವುದು ಜೇಡ್ ಎಂಬ ರತ್ನಶಿಲೆಯನ್ನು. ಜಪಾನೀಯರು ಅದನ್ನು ಹಿಸುಯಿ ಎನ್ನುತ್ತಾರೆ.

ಹೀಗೆ ಸಿಕ್ಕ ಕಲ್ಲುಗಳಲ್ಲಿ ಕೆಲವು ಉಂಗುರಕ್ಕೆ ಏರುತ್ತವೆ. ಆದರೆ ನಿಮ್ಮ ಅಮ್ಮನ ಪೆಟ್ಟಿಗೆಯಲ್ಲಿರುವಂಥ ಉಂಗುರವನ್ನು ನೆನೆಸಿಕೊಳ್ಳಬೇಡಿ. ಕೆಲವು ಕುಶಲಕರ್ಮಿಗಳು ಕಲ್ಲಿಗೆ ಮೂಲೆಮೂಲೆಯಾಗಿ ಸಾಣೆ ಹಿಡಿಯುವುದಿಲ್ಲ. ಒಂದು ಮುಖವನ್ನಷ್ಟೇ ಉಜ್ಜಿ, ಉಳಿದ ಕಡೆ ಹೊಳೆ ಮಾಡಿದ ಆಕಾರವನ್ನೇ ಬಿಡುತ್ತಾರೆ. ಬೆಳ್ಳಿಯ ಅಥವಾ ಚಿನ್ನದ ಪಟ್ಟಿಯ ಮೇಲೆ ಸುತ್ತಿಗೆಯ ಗುರುತು ಹಾಗೇ ಇರುತ್ತದೆ. ಅಂಚು ಒಂದೇ ಸಮ ಇರುವುದಿಲ್ಲ. ಮೊದಲ ಸಲ ನೋಡಿದವರು "ಕೆಲಸ ಅರ್ಧಕ್ಕೆ ಬಿಟ್ಟಿದ್ದಾರಾ?" ಎಂದು ಕೇಳಬಹುದು. ಬೆಲೆ ಕೇಳಿದರೆ ಇನ್ನೂ ಅಚ್ಚರಿ. ಯಂತ್ರದಲ್ಲಿ ಮಾಡಿದ ಥಳಥಳ ಉಂಗುರಕ್ಕಿಂತ ಇದಕ್ಕೇ ಹೆಚ್ಚು ಹೇಳುವುದುಂಟು.

ಈ ಅಭಿರುಚಿ ಜಪಾನಿಗೆ ಹೊಸದಲ್ಲ. ಹದಿನಾರನೆಯ ಶತಮಾನದಲ್ಲಿ ಸೆನ್ ನೊ ರಿಕ್ಯು ಎಂಬ ಚಹಾಗುರುವಿಗಾಗಿ ಚೋಜಿರೊ ಎಂಬ ಕುಂಬಾರ ತಿರುಗಣೆ ಬಳಸದೆ ಕೈಯಲ್ಲೇ ಬಟ್ಟಲು ತಟ್ಟಿದ. ಸೊಟ್ಟಗಿದ್ದ, ಮಂಕು ಬಣ್ಣದ ಆ ಬಟ್ಟಲುಗಳು ಇಂದಿಗೂ ಜಪಾನಿನ ಅಮೂಲ್ಯ ವಸ್ತುಗಳು. ಅಂದಚೆಂದದ ಮಾತು ಅಷ್ಟಕ್ಕೆ ಸಾಕು. ನನಗೆ ಹೆಚ್ಚು ಕುತೂಹಲವಿರುವುದು ಉಂಗುರದ ವಿಜ್ಞಾನದಲ್ಲಿ. ಒರಟು ಉಂಗುರದಲ್ಲಿ ಕಲ್ಲಿನ ಹುಟ್ಟು, ಪ್ರಯಾಣ, ಪೆಟ್ಟು ಎಲ್ಲವೂ ಅಳಿಸದೆ ಉಳಿದಿರುತ್ತವೆ. ಓದಲು ಬರಬೇಕು, ಅಷ್ಟೆ.

ಹುಟ್ಟಿನಿಂದ ಶುರುಮಾಡೋಣ. ಭೂಮಿಯ ಹೊರಕವಚ ದೊಡ್ಡ ದೊಡ್ಡ ಫಲಕಗಳಾಗಿ ಒಡೆದಿದೆ, ಆ ಫಲಕಗಳು ವರ್ಷಕ್ಕೆ ಕೆಲವೇ ಸೆಂಟಿಮೀಟರ್‌ನಂತೆ ಜರುಗುತ್ತವೆ ಎಂದು ಶಾಲೆಯಲ್ಲಿ ಓದಿರುತ್ತೀರಿ. ಜಪಾನಿನ ಸುತ್ತ ಇಂಥ ನಾಲ್ಕು ಫಲಕಗಳು ಸೇರುತ್ತವೆ. ಅಲ್ಲಿ ಅಷ್ಟೊಂದು ಭೂಕಂಪ, ಜ್ವಾಲಾಮುಖಿ ಇರುವುದು ಅದಕ್ಕೇ. ಕಡಲತಳದ ಫಲಕ ಇನ್ನೊಂದರ ಅಡಿಗೆ ಜಾರುವಾಗ ತನ್ನೊಂದಿಗೆ ನೀರನ್ನೂ ಎಳೆದೊಯ್ಯುತ್ತದೆ. ಇಪ್ಪತ್ತು ಕಿಲೋಮೀಟರ್‌ಗೂ ಹೆಚ್ಚು ಆಳದಲ್ಲಿ ಒತ್ತಡ ವಿಪರೀತ. ಆದರೆ ಜಾರಿಬಂದ ಫಲಕ ಇನ್ನೂ ತಣ್ಣಗೇ ಇರುವುದರಿಂದ ಆ ಆಳಕ್ಕೆ ಇರಬೇಕಾದಷ್ಟು ಬಿಸಿ ಇರುವುದಿಲ್ಲ. ಹೆಚ್ಚು ಒತ್ತಡ, ಕಡಿಮೆ ಬಿಸಿ: ಈ ಎರಡೂ ಒಟ್ಟಿಗೆ ಸಿಗುವ ಜಾಗ ಭೂಮಿಯಲ್ಲಿ ಅಪರೂಪ. ಅಲ್ಲಿ ಬಿಸಿನೀರಿನಲ್ಲಿ ಕರಗಿದ್ದ ಸೋಡಿಯಂ, ಅಲ್ಯುಮಿನಿಯಂ, ಸಿಲಿಕಾನ್, ಆಮ್ಲಜನಕ ಸೇರಿ ಜೇಡೈಟ್ ಎಂಬ ಖನಿಜವಾಗುತ್ತದೆ. ಇತೊಯಿಗಾವದ ಜೇಡ್ ಆಗಿದ್ದು ಹೀಗೆ, ಸುಮಾರು 52 ಕೋಟಿ ವರ್ಷಗಳ ಹಿಂದೆ. ಆಗ ಜಪಾನ್ ಎಂಬ ದ್ವೀಪಗಳೇ ಇರಲಿಲ್ಲ. ಏಷ್ಯಾ ಖಂಡದ ಅಂಚಿನಿಂದ ಅವು ಕಿತ್ತುಬಂದದ್ದು ಬಹಳ ಈಚೆಗೆ, ಎರಡು ಕೋಟಿ ವರ್ಷಗಳಿಂದೀಚೆಗೆ.

ಹಾಗೆಂದು ಆ ಕಲ್ಲನ್ನು ಪ್ರಪಂಚದ ಅಜ್ಜ ಎಂದುಕೊಳ್ಳಬೇಡಿ. ಬೆಂಗಳೂರಿನ ಲಾಲ್‌ಬಾಗ್ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಅದರ ಮುಂದೆ ಇತೊಯಿಗಾವದ ಜೇಡ್ ಮೊನ್ನೆ ಹುಟ್ಟಿದ ಕೂಸು!

ಅಷ್ಟು ಆಳದಲ್ಲಿ ಹುಟ್ಟಿದ್ದು ಮೇಲೆ ಬಂದದ್ದು ಹೇಗೆ? ಅದಕ್ಕೊಂದು ವಾಹನ ಸಿಕ್ಕಿತು. ಸರ್ಪೆಂಟಿನೈಟ್ ಎಂಬ ಹಸಿರುಗಪ್ಪು ಶಿಲೆ ಸುತ್ತಲಿನ ಶಿಲೆಗಳಿಗಿಂತ ಹಗುರ, ಮೆತ್ತಗೆ, ಜಾರುವಂಥದ್ದು. ಹಗುರವಾದದ್ದು ಮೇಲೇರುತ್ತದೆ. ಅದು ಭೂಮಿಯ ಬಿರುಕುಗಳಲ್ಲಿ ನುಸುಳಿ ಮೇಲೇರುವಾಗ ಜೇಡ್ ಗುಂಡುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಬಂತು. ಮಳೆಗೆ, ಭೂಕುಸಿತಕ್ಕೆ ಸರ್ಪೆಂಟಿನೈಟ್ ಕರಗಿ ಕುಸಿದುಹೋಯಿತು. ಜೇಡ್ ಗುಂಡುಗಳು ಹೊಳೆಗೆ ಬಿದ್ದವು. ಇತೊಯಿಗಾವದ ಕೊತಾಕಿ ಹೊಳೆಯ ಕಣಿವೆಯಲ್ಲಿ, ಮ್ಯೋಜೊ ಬೆಟ್ಟದ ಬುಡದಲ್ಲಿ ಟನ್‌ಗಟ್ಟಲೆ ತೂಗುವ ಜೇಡ್ ಬಂಡೆಗಳು ಇಂದಿಗೂ ಬಿದ್ದಿವೆ. ಚಿಕ್ಕವು ಹಿಮೆ ನದಿಯಲ್ಲಿ ಉರುಳಿ ಜಪಾನ್ ಸಮುದ್ರ ಸೇರುತ್ತವೆ. ಕಡಲು ಅವನ್ನೇ ಮತ್ತೆ ದಡಕ್ಕೆ ಎಸೆಯುತ್ತದೆ.

ದಾರಿಯುದ್ದಕ್ಕೂ ಬಂಡೆಗೆ ಬಡಿದು, ಕಲ್ಲಿಗೆ ತಿಕ್ಕಿ ಬಂದರೂ ಜೇಡ್ ಪುಡಿಯಾಗಲಿಲ್ಲ ಏಕೆ? ಇಲ್ಲಿ ಎರಡು ಗುಣಗಳನ್ನು ಬೇರೆಬೇರೆಯಾಗಿ ನೋಡಬೇಕು. ದೊಡ್ಡವರೂ ಇಲ್ಲಿ ಎಡವುತ್ತಾರೆ. ಒಂದು ಗಡಸುತನ, ಅಂದರೆ ಗೀರು ಬೀಳದಿರುವ ಗುಣ. 1812ರಲ್ಲಿ ಜರ್ಮನಿಯ ಫ್ರೆಡ್ರಿಕ್ ಮೋಸ್ ಇದಕ್ಕೊಂದು ಹತ್ತು ಮೆಟ್ಟಿಲಿನ ಅಳತೆ ಮಾಡಿದ. ನಮ್ಮ ಉಗುರು ಸುಮಾರು ಎರಡೂವರೆ, ಬೆಣಚುಕಲ್ಲು ಏಳು, ಮಾಣಿಕ್ಯ ಮತ್ತು ನೀಲ ಒಂಬತ್ತು, ವಜ್ರ ಹತ್ತು. ಜೇಡೈಟ್ ಆರೂವರೆಯಿಂದ ಏಳು. ಈ ಲೆಕ್ಕದಲ್ಲಿ ಅದು ಅಂಥ ದೊಡ್ಡ ವೀರನೇನಲ್ಲ.

ಇನ್ನೊಂದು ಗುಣ ಪೆಟ್ಟು ತಾಳುವುದು. ಇಲ್ಲಿ ಲೆಕ್ಕ ತಲೆಕೆಳಗು. ವಜ್ರಕ್ಕೆ ಇನ್ನೊಂದು ವಜ್ರವಲ್ಲದೆ ಬೇರೆ ಯಾವ ಕಲ್ಲೂ ಗೀರು ಹಾಕಲಾರದು. ಆದರೆ ಸುತ್ತಿಗೆಯಿಂದ ಸರಿಯಾದ ದಿಕ್ಕಿನಲ್ಲಿ ಹೊಡೆದರೆ ಸೀಳಿಹೋಗುತ್ತದೆ, ಏಕೆಂದರೆ ಅದು ಒಂದೇ ಹರಳು. ಬಿರುಕು ಹುಟ್ಟಿದರೆ ತಡೆಯಿಲ್ಲದೆ ಓಡುತ್ತದೆ. ಜೇಡ್ ಒಂದು ಹರಳಲ್ಲ, ಲೆಕ್ಕವಿಲ್ಲದಷ್ಟು ಪುಟ್ಟ ಹರಳುಗಳು ಒಂದರೊಳಗೊಂದು ಹೆಣೆದುಕೊಂಡ ಶಿಲೆ. ತೆಂಗಿನ ನಾರು ಹೊಸೆದ ಹಗ್ಗವನ್ನು ಎಳೆದು ನೋಡಿ: ಒಂದು ಎಳೆ ಕಿತ್ತರೂ ಪಕ್ಕದವು ಬಿಗಿಹಿಡಿದಿರುತ್ತವೆ. ಜೇಡ್‌ನಲ್ಲಿ ಬಿರುಕು ಹೊರಟರೂ ಎದುರಿಗೆ ಅಡ್ಡ ಮಲಗಿದ ಹರಳು ಸಿಕ್ಕಿ, ಹೊರಳಿ, ಸುಸ್ತಾಗಿ ನಿಂತುಬಿಡುತ್ತದೆ. ಹಾಗಾಗಿ ಹೊಳೆಯಲ್ಲಿ ಬಲವಿಲ್ಲದ ಕಲ್ಲೆಲ್ಲ ಮರಳಾಯಿತು, ಜೇಡ್ ಉಳಿಯಿತು. ತೀರದಲ್ಲಿ ಸಿಗುವ ಜೇಡ್ ತುಂಡು ಹೊಳೆಯ ಪರೀಕ್ಷೆ ಪಾಸಾಗಿಯೇ ಬಂದದ್ದು. ಅದನ್ನು ಹಾಗೇ ಉಂಗುರಕ್ಕೆ ಕೂರಿಸುವ ಕುಶಲಕರ್ಮಿಯ ಧೈರ್ಯಕ್ಕೆ ಇದೇ ಆಧಾರ.

ಇಷ್ಟು ಗಟ್ಟಿ ಕಲ್ಲಿಗೆ ಲೋಹದ ಉಪಕರಣವೇ ಇಲ್ಲದ ಕಾಲದಲ್ಲಿ ತೂತು ಕೊರೆದವರಿದ್ದಾರೆ ಎಂದರೆ ನಂಬುತ್ತೀರಾ? ಜಪಾನಿನ ಜೋಮೊನ್ ಕಾಲದ ಜನ ಸುಮಾರು 5000 ವರ್ಷಗಳ ಹಿಂದೆಯೇ ಇತೊಯಿಗಾವದಲ್ಲಿ ಜೇಡ್ ಮಣಿ ಮಾಡುತ್ತಿದ್ದರು. ಅಲ್ಲಿನ ಚೋಜಾಗಹಾರ ಎಂಬ ನೆಲೆಯಲ್ಲಿ ಅರ್ಧ ಮಾಡಿ ಬಿಟ್ಟ ಮಣಿಗಳೂ ಸಿಕ್ಕಿವೆ. ಪೂರ್ತಿ ಕೊರೆಯದ ತೂತಿನ ತಳದಲ್ಲಿ, ನಡುವೆ ಸಣ್ಣ ಗುಬುಟು ಉಳಿದಿದೆ. ಇದೊಂದು ಒಳ್ಳೆಯ ಪತ್ತೇದಾರಿ ಸುಳಿವು. ಚೂಪು ಮೊಳೆಯಿಂದ ಕೊರೆದರೆ ನಡುವೆ ಆಳ ಹೆಚ್ಚು. ನಡುವೆ ಗುಬುಟು ಉಳಿಯಬೇಕಾದರೆ ಕೊರೆದದ್ದು ಟೊಳ್ಳು ಕೊಳವೆ, ಅಂದರೆ ಬಿದಿರಿನ ಕಡ್ಡಿಯಂಥದ್ದು. ಬಿದಿರು ಜೇಡ್‌ಗಿಂತ ಎಷ್ಟೋ ಮೆತ್ತಗೆ. ಹಾಗಾದರೆ ಕೊರೆದದ್ದು ಬಿದಿರಲ್ಲ, ಅದರ ತುದಿಗೆ ಹಾಕಿದ ಗಟ್ಟಿ ಮರಳು! ನೀರು, ಮರಳು ಹಾಕುತ್ತ, ಕಡ್ಡಿಯನ್ನು ತಿರುಗಿಸುತ್ತ ಕೂರಬೇಕು. ಇಂದಿನ ರತ್ನಪಡಿ ಅಂಗಡಿಯ ಸಾಣೆಯಲ್ಲೂ ನಡೆಯುವುದು ಇದೇ: ಚಕ್ರ ತಿರುಗಿಸುತ್ತದೆ, ಅದಕ್ಕೆ ಅಂಟಿದ ಗಟ್ಟಿ ಪುಡಿ ಸವೆಸುತ್ತದೆ.

ಆ ಮಣಿಗಳು ದೂರ ದೂರಕ್ಕೆ ಹೋದವು. ಜಪಾನಿನ ಮುಖ್ಯ ದ್ವೀಪದ ಉತ್ತರ ತುದಿಯ ಅಓಮೊರಿಯಲ್ಲಿರುವ ಸನ್ನಾಯ್ ಮರುಯಾಮ ನೆಲೆಯಲ್ಲಿ, ನೂರಾರು ಕಿಲೋಮೀಟರ್ ಆಚೆ, ಇತೊಯಿಗಾವದ ಜೇಡ್ ಸಿಕ್ಕಿದೆ. ಮುಂದೆ ಅಲ್ಪವಿರಾಮದ ಆಕಾರದ ಮಗತಾಮ ಎಂಬ ಮಣಿಗಳು ರಾಜರ ಸಮಾಧಿಗಳನ್ನು ಸೇರಿದವು. ಆಮೇಲೆ ಎಂಟನೆಯ ಶತಮಾನದ ಹೊತ್ತಿಗೆ ಫ್ಯಾಷನ್ ಬದಲಾಯಿತು. ಜನ ಮಗತಾಮವನ್ನು ಬಿಟ್ಟರು, ಕಲ್ಲು ಎಲ್ಲಿಂದ ಬರುತ್ತಿತ್ತೆಂಬುದನ್ನೂ ಮರೆತರು. ಸಾವಿರಕ್ಕೂ ಹೆಚ್ಚು ವರ್ಷ! ಹಳೆಯ ಮಣಿಗಳೆಲ್ಲ ಪರದೇಶದಿಂದ ಬಂದಿರಬೇಕು ಎಂದೇ ವಿದ್ವಾಂಸರೂ ನಂಬಿದ್ದರು. ಇತೊಯಿಗಾವದ ಕವಿ, ವಿದ್ವಾಂಸ ಸೋಮ ಗ್ಯೋಫು ಮಾತ್ರ ನುನಾಕಾವ ಎಂಬ ರಾಜಕುಮಾರಿಯ ಹಳೆಯ ಕಥೆಯನ್ನು ಓದಿ, ಅದರಲ್ಲಿ ಬರುವ ಜೇಡ್ ಇಲ್ಲೇ ಎಲ್ಲೋ ಇರಬೇಕೆಂದು ಊಹಿಸಿದರು. 1938ರಲ್ಲಿ ಇತೊ ಎಯ್ಜೊ ಎಂಬುವರು ಕೊತಾಕಿ ಕಣಿವೆಯಲ್ಲಿ ಹಸಿರು ಕಲ್ಲು ಹುಡುಕಿ ತಂದರು. ತೊಹೊಕು ವಿಶ್ವವಿದ್ಯಾಲಯದ ಕಾವಾನೊ ಯೊಶಿನೊರಿ ಪರೀಕ್ಷಿಸಿ, ಇದು ಜೇಡೈಟೇ ಎಂದು 1939ರಲ್ಲಿ ಪ್ರಕಟಿಸಿದರು. 2016ರಲ್ಲಿ ಜಪಾನಿನ ಖನಿಜ ವಿಜ್ಞಾನಿಗಳ ಸಂಘ ಜೇಡ್ ಅನ್ನೇ ದೇಶದ ಶಿಲೆಯಾಗಿ ಆರಿಸಿತು.

ಜೇಡ್ ಎಂದರೆ ಹಸಿರು ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಅಪ್ಪಟ ಜೇಡೈಟ್ ಬಿಳಿ! ಕಬ್ಬಿಣ, ಕ್ರೋಮಿಯಂ ಸೇರಿಕೊಂಡರೆ ಹಸಿರು, ಟೈಟಾನಿಯಂ ಬಂದರೆ ನೇರಳೆ, ಗ್ರಾಫೈಟ್ ಬೆರೆತರೆ ಕಪ್ಪು. ಒಟ್ಟಿನಲ್ಲಿ ಬಣ್ಣ ಎನ್ನುವುದು ಕಲ್ಲಿನ ಕಲಬೆರಕೆ. ಇತೊಯಿಗಾವದ ಹೆಚ್ಚಿನ ಕಲ್ಲುಗಳು ಬಿಳಿ ಮೈ, ಅಲ್ಲಲ್ಲಿ ಹಸಿರು ಚುಕ್ಕೆ. ಅಲ್ಲಿನ ಜೇಡ್ ಒಳಗೇ ಸಿಕ್ಕ ಒಂದು ಹೊಸ ನೀಲಿ ಖನಿಜಕ್ಕೆ 1999ರಲ್ಲಿ ಊರಿನ ಹೆಸರನ್ನೇ ಇಟ್ಟು ಇತೊಯಿಗಾವೈಟ್ ಎಂದರು. ಶುದ್ಧವಾದದ್ದೇ ಶ್ರೇಷ್ಠ ಎಂದು ಬಿಳಿ ಭಾಗವನ್ನಷ್ಟೇ ಕತ್ತರಿಸಿ ಇಟ್ಟುಕೊಂಡಿದ್ದರೆ ಆ ಖನಿಜ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಇದಕ್ಕೆ ನಮ್ಮ ನಾಡಿನ ಸಾಕ್ಷಿಯೂ ಇದೆ. ಮೈಸೂರು ಸೀಮೆಯ ನಕ್ಷತ್ರ ಮಾಣಿಕ್ಯದ ಹೆಸರು ಕೇಳಿದ್ದೀರಾ? ಗಾಢ ಕೆಂಪು, ಬೆಳಕು ತೂರದ ಕಲ್ಲು. ಗುಮ್ಮಟದಂತೆ ಉಜ್ಜಿ, ಒಂದೇ ದೀಪದ ಕೆಳಗೆ ಹಿಡಿದರೆ ಮೇಲೆ ಆರು ಕಿರಣದ ನಕ್ಷತ್ರ ಮೂಡುತ್ತದೆ. ಕಲ್ಲನ್ನು ಹೊರಳಿಸಿದರೆ ನಕ್ಷತ್ರವೂ ಜಾರುತ್ತದೆ. ಕಲ್ಲಿನೊಳಗೆ ರೂಟೈಲ್ ಎಂಬ ಇನ್ನೊಂದು ಖನಿಜದ ಸಣ್ಣ ಸೂಜಿಗಳು ಮೂರು ದಿಕ್ಕಿಗೆ ಸಾಲಾಗಿ ಮಲಗಿರುವುದೇ ಇದಕ್ಕೆ ಕಾರಣ. ಒಂದೊಂದು ಸಾಲೂ ಬೆಳಕನ್ನು ಒಂದೊಂದು ಗೆರೆಯಾಗಿ ಹಿಂದಿರುಗಿಸುತ್ತದೆ. ಮೂರು ಗೆರೆ ಅಡ್ಡಹಾಯ್ದರೆ ಆರು ಕಿರಣ. ಸೂಜಿಗಳು ಇಲ್ಲದಿದ್ದರೆ ನಕ್ಷತ್ರವೂ ಇಲ್ಲ. ಇಂಥ ಕಲ್ಲಿಗೆ ವಜ್ರದ ಹಾಗೆ ಹತ್ತಾರು ಮುಖ ಕೊಯ್ದರೆ ಕೆಟ್ಟಂತೆಯೇ.

ವಜ್ರಕ್ಕೆ ಮುಖಗಳು ಬೇಕು, ನಿಜ. ಅದರೊಳಗೆ ಹೊಕ್ಕ ಬೆಳಕು ತುಂಬಾ ಬಾಗುತ್ತದೆ. ಲೆಕ್ಕಹಾಕಿ ಕೊಯ್ದ ಮುಖಗಳಿಗೆ ಬಡಿದು ಹಿಂದಿರುಗಿ ಕಣ್ಣಿಗೆ ರಾಚುತ್ತದೆ. ಜೇಡ್ ಒಳಗೆ ಹೊಕ್ಕ ಬೆಳಕು ಮಾತ್ರ ಆ ಪುಟ್ಟ ಹರಳುಗಳ ನಡುವೆ ದಿಕ್ಕುತಪ್ಪಿ ಅಲೆದು, ಮೆಲ್ಲಗೆ ಎಲ್ಲ ಕಡೆಯಿಂದ ಹೊರಬರುತ್ತದೆ. ಕಲ್ಲೇ ಒಳಗಿನಿಂದ ಬೆಳಗಿದಂತೆ ಕಾಣುವುದು ಅದಕ್ಕೆ. ಅಂಥದ್ದಕ್ಕೆ ಹೊಳೆ ಉಜ್ಜಿಕೊಟ್ಟ ದುಂಡು ಮೈಯೇ ಚೆಂದ.

ಇನ್ನು ಲೋಹದ ಕಡೆಗೆ ಬರೋಣ. ಕನ್ನಡಿಯ ಹಾಗೆ ಹೊಳಪು ಕೊಟ್ಟ ಉಂಗುರ ಅಂಗಡಿಯಲ್ಲಿ ಎಷ್ಟು ಚೆನ್ನಾಗಿರುತ್ತದೆ! ಮನೆಗೆ ತಂದ ವಾರಕ್ಕೆ ಒಂದು ಗೀರು ಬಿದ್ದರೂ ಎದ್ದು ಕಾಣುತ್ತದೆ, ಏಕೆಂದರೆ ನುಣ್ಣನೆಯ ಮೈ ಬೆಳಕನ್ನೆಲ್ಲ ಒಂದೇ ದಿಕ್ಕಿಗೆ ಕಳಿಸುತ್ತಿರುತ್ತದೆ, ಗೀರು ಮಾತ್ರ ಬೇರೆ ದಿಕ್ಕಿಗೆ. ಸುತ್ತಿಗೆಯಿಂದ ತಟ್ಟಿದ ಮೈ ಮೊದಲಿನಿಂದಲೂ ಬೆಳಕನ್ನು ನಾನಾ ದಿಕ್ಕಿಗೆ ಚೆಲ್ಲುತ್ತದೆ. ಅಲ್ಲಿ ಹೊಸ ಗೀರು ಬಿದ್ದರೆ ಗುಂಪಿನಲ್ಲಿ ಗೋವಿಂದ. ಮನೆಯ ಧೂಳಿನಲ್ಲಿ ಬೆಣಚುಕಲ್ಲಿನ ಪುಡಿ ಇದ್ದೇ ಇರುತ್ತದೆ, ಅದು ಚಿನ್ನಬೆಳ್ಳಿಗಿಂತ ಗಡಸು. ದಿನವೂ ಪಾತ್ರೆ ತೊಳೆಯುವ, ತೋಟದಲ್ಲಿ ದುಡಿಯುವ ಕೈಗೆ ಒರಟು ಉಂಗುರವೇ ಜಾಣ ಆಯ್ಕೆ ಎಂದು ನಾನು ಹೇಳುತ್ತೇನೆ.

ಸುತ್ತಿಗೆ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಲೋಹದಲ್ಲಿ ಪರಮಾಣುಗಳು ಸಾಲುಸಾಲಾಗಿ ಇರುತ್ತವೆ. ಆ ಸಾಲುಗಳಲ್ಲಿ ಅಲ್ಲಲ್ಲಿ ತಪ್ಪು ಜೋಡಣೆ ಇರುತ್ತದೆ, ಲೋಹ ಬಾಗುವುದು ಆ ತಪ್ಪುಗಳು ಜಾರುವುದರಿಂದಲೇ. ತಟ್ಟುತ್ತ ಹೋದಂತೆ ತಪ್ಪುಗಳು ಹೆಚ್ಚಿ, ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಜಾರಲಾಗದೆ ನಿಲ್ಲುತ್ತವೆ. ಲೋಹ ಬಿರುಸಾಗುತ್ತದೆ. ಅತಿಯಾದರೆ ಬಿರುಕು ಬಿಡುತ್ತದೆ. ಆಗ ಅಕ್ಕಸಾಲಿಗರು ಅದನ್ನು ಮತ್ತೆ ಕಾಸಿ ಹದಕ್ಕೆ ತರುತ್ತಾರೆ. ನಿಮ್ಮ ಊರಿನ ಅಕ್ಕಸಾಲಿಗರ ಅಂಗಡಿಯಲ್ಲಿ ಕೇಳಿ ನೋಡಿ, ಪರಮಾಣುವಿನ ಮಾತು ಎತ್ತದೆಯೂ ಅವರು ಈ ಹದವನ್ನು ಬಣ್ಣ ನೋಡಿಯೇ ಹೇಳುತ್ತಾರೆ.

ಜಪಾನಿನಲ್ಲಿ ಇದಕ್ಕೂ ಬೆರಗಿನ ಕಲೆಯೊಂದಿದೆ. ಅಕಿತದ ಶೋಆಮಿ ದೆನ್‌ಬೆ (1651–1728) ಎಂಬ ಕುಶಲಕರ್ಮಿ ಖಡ್ಗದ ಅಲಂಕಾರಕ್ಕೆಂದು ರೂಪಿಸಿದ್ದು. ಹೆಸರು ಮೊಕುಮೆ ಗಾನೆ. ಚಿನ್ನ, ಬೆಳ್ಳಿ, ತಾಮ್ರದ ತಗಡುಗಳನ್ನು ಒಂದರ ಮೇಲೊಂದು ಪೇರಿಸಿ, ಬಿಗಿಯಾಗಿ ಅದುಮಿ ಕಾಸುತ್ತಾರೆ. ಆದರೆ ಕರಗಿಸುವುದಿಲ್ಲ! ಕರಗುವ ಹೊಸ್ತಿಲಲ್ಲೇ ನಿಲ್ಲಿಸುತ್ತಾರೆ. ಆ ಬಿಸಿಯಲ್ಲಿ ಒಂದು ತಗಡಿನ ಪರಮಾಣುಗಳು ಪಕ್ಕದ ತಗಡಿನೊಳಗೆ ಅಡ್ಡಾಡಿ ಎರಡನ್ನೂ ಒಂದು ಮಾಡುತ್ತವೆ, ಬೆಸುಗೆಯ ಪುಡಿಯೇ ಬೇಡ. ಇಲ್ಲೊಂದು ಮೋಸದ ಗುಂಡಿ ಇದೆ. ಬೆಳ್ಳಿ ಕರಗುವುದು 962 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತಾಮ್ರ 1085ರಲ್ಲಿ. ಎರಡೂ ತಾಗಿಕೊಂಡಿದ್ದರೆ ಮಾತ್ರ ತಾಗಿದ ಜಾಗ 779 ಡಿಗ್ರಿಗೇ ಕರಗಲು ಶುರುವಾಗುತ್ತದೆ. ಸ್ವಲ್ಪ ಎಚ್ಚರ ತಪ್ಪಿದರೆ ದಿನಗಟ್ಟಲೆಯ ಕೆಲಸ ಕರಗಿ ಮುದ್ದೆಯಾಗಿಬಿಡುತ್ತದೆ. ಸರಿಯಾಗಿ ಬೆಸೆದ ಗಟ್ಟಿಯನ್ನು ತಿರುಚಿ, ಅಲ್ಲಲ್ಲಿ ಕೆತ್ತಿ, ಮತ್ತೆ ತಟ್ಟಿ ಚಪ್ಪಟೆ ಮಾಡಿದರೆ ಪದರಗಳು ಮೇಲೆ ತೇಲಿ ಬೀಟೆ ಮರದ ಹಲಗೆಯ ಗೆರೆಗಳು ಲೋಹದಲ್ಲಿ ಮೂಡುತ್ತವೆ. 1876ರಲ್ಲಿ ಜಪಾನ್ ಸರ್ಕಾರ ಸಮುರಾಯ್‌ಗಳು ಖಡ್ಗ ಧರಿಸಿ ಓಡಾಡುವುದನ್ನು ನಿಷೇಧಿಸಿತು. ಖಡ್ಗದ ಕೆಲಸಗಾರರಿಗೆ ಕೆಲಸವಿಲ್ಲವಾಯಿತು. ಅವರ ಕಲೆ ಹೂಕುಂಡಕ್ಕೆ, ಒಡವೆಗೆ ತಿರುಗಿತು. ಇಂದು ಜಪಾನಿನಲ್ಲಿ ಮೊಕುಮೆ ಗಾನೆಯ ಮದುವೆ ಉಂಗುರಗಳು ಸಿಗುತ್ತವೆ. ಎರಡು ಉಂಗುರಗಳ ಗೆರೆ ಒಂದೇ ಆಗಿರಲು ಸಾಧ್ಯವಿಲ್ಲ.

ಹಾಗಾದರೆ ಒರಟು ಉಂಗುರದ ಬೆಲೆ ಯಾವುದಕ್ಕೆ? ಬಹುಪಾಲು ಕೈಕೆಲಸದ ಹೊತ್ತಿಗೆ, ಉಳಿದದ್ದು ಕಲ್ಲಿಗೆ ಮತ್ತು ಲೋಹಕ್ಕೆ. ಇದನ್ನು ಮರೆತು "ಒರಟಾಗಿದೆ, ಆದ್ದರಿಂದ ಅಪ್ಪಟ" ಎಂದು ನಂಬಿದರೆ ಟೋಪಿ ಬೀಳುವುದು ಖಂಡಿತ. ಒರಟು ಕಲ್ಲಿಗೂ ಬಣ್ಣ ಹಾಕುತ್ತಾರೆ, ಬಿರುಕಿಗೆ ರಾಳ ತುಂಬುತ್ತಾರೆ, ಗಾಜನ್ನೂ ಕೂರಿಸುತ್ತಾರೆ. ಪ್ರಕೃತಿಯೂ ಮೋಸ ಮಾಡುತ್ತದೆ. ಜೇಡ್‌ನಂತೆಯೇ ಕಾಣುವ ಬೇರೆ ಹಸಿರು ಕಲ್ಲುಗಳು ಇತೊಯಿಗಾವದ ತೀರದಲ್ಲಿ ಬೇಕಾದಷ್ಟಿವೆ. ಅಲ್ಲಿಯವರು ಅವನ್ನು ನರಿಕಲ್ಲು ಎನ್ನುತ್ತಾರೆ, ಕಿತ್ಸುನೆ ಇಶಿ. ಜಪಾನಿನ ಕಥೆಗಳಲ್ಲಿ ವೇಷ ಹಾಕಿ ಮರುಳುಮಾಡುವ ಪ್ರಾಣಿ ನರಿ! ಊರಿನ ಫೊಸ್ಸಾ ಮಾಗ್ನಾ ವಸ್ತುಸಂಗ್ರಹಾಲಯದಲ್ಲಿ ತಜ್ಞರು ಜನ ಹೆಕ್ಕಿ ತಂದ ಕಲ್ಲನ್ನು ನೋಡಿ ಏನೆಂದು ಹೇಳುವ ವ್ಯವಸ್ಥೆಯಿದೆ. ಎಂಥ ಒಳ್ಳೆಯ ಏರ್ಪಾಡು! ನಮ್ಮ ಜಿಲ್ಲೆಗೊಂದು ಹೀಗಿರಬಾರದೇ ಎನಿಸುತ್ತದೆ. ನಮ್ಮಲ್ಲಿ ಕಲ್ಲು ತೋರಿಸಿದರೆ ಯಾವ ಬೆರಳಿಗೆ ಹಾಕಬೇಕು, ಯಾವ ಗ್ರಹಕ್ಕೆ ಒಳ್ಳೆಯದು ಎಂದು ಹೇಳುವವರೇ ಹೆಚ್ಚು. ಕಲ್ಲು ಎಲ್ಲಿ, ಯಾವ ಒತ್ತಡದಲ್ಲಿ ಹುಟ್ಟಿತೆಂದು ಹೇಳುವವರು ಕಡಿಮೆ.

ತಜ್ಞರಿಲ್ಲದಿದ್ದರೂ ನೀವೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಕಲ್ಲನ್ನು ತೂಗಿ ಬರೆದುಕೊಳ್ಳಿ. ಆಮೇಲೆ ಅರ್ಧ ನೀರು ತುಂಬಿದ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ಕಲ್ಲಿಗೆ ದಾರ ಕಟ್ಟಿ, ಕೈಯಲ್ಲಿ ಹಿಡಿದು, ಲೋಟದ ತಳಕ್ಕೂ ಪಕ್ಕಕ್ಕೂ ತಾಗದಂತೆ ಪೂರ್ತಿ ಮುಳುಗಿಸಿ. ತಕ್ಕಡಿ ತೋರಿಸುವ ಸಂಖ್ಯೆ ಕಲ್ಲು ಜರುಗಿಸಿದ ನೀರಿನ ತೂಕ. ಮೊದಲ ಸಂಖ್ಯೆಯನ್ನು ಎರಡನೆಯದರಿಂದ ಭಾಗಿಸಿ. ಕಲ್ಲು 66 ಗ್ರಾಂ, ನೀರು 20 ಗ್ರಾಂ ಬಂದರೆ ಉತ್ತರ 3.3, ಜೇಡೈಟ್‌ನ ಸಾಂದ್ರತೆ ಅಷ್ಟೇ. ಸರ್ಪೆಂಟಿನೈಟ್ ಆದರೆ 2.6ರ ಆಸುಪಾಸು. ನರಿಕಲ್ಲಿನ ವೇಷ ಬಹಳಷ್ಟು ಸಲ ಇಲ್ಲೇ ಕಳಚಿಬೀಳುತ್ತದೆ.

ನಿಮ್ಮೂರ ಹೊಳೆಯ ಕಲ್ಲುಗಳನ್ನು ಹೀಗೆ ತೂಗಿ ಒಂದು ಪಟ್ಟಿ ಮಾಡಿ. ರಕ್ಷಿತ ಸ್ಮಾರಕ, ಅರಣ್ಯಗಳ ಕಲ್ಲು ಮಾತ್ರ ಮುಟ್ಟಬೇಡಿ. ಕೊತಾಕಿ ಕಣಿವೆ 1956ರಿಂದ ರಾಷ್ಟ್ರೀಯ ನೈಸರ್ಗಿಕ ಸ್ಮಾರಕ, ಅಲ್ಲಿ ಒಂದು ಚೂರನ್ನೂ ತೆಗೆಯುವಂತಿಲ್ಲ. ನಿಮ್ಮ ಪಟ್ಟಿಯಲ್ಲಿ 2.65 ಬಂದದ್ದು ಬೆಣಚುಕಲ್ಲು ಇರಬಹುದು, 3ರ ಹತ್ತಿರ ಬಂದ ಕರಿಕಲ್ಲು ಡಾಲರೈಟ್ ಇರಬಹುದು. 4 ಅಥವಾ 5 ಬಂದರೆ ಲೋಟದ ನೀರು, ದಾರ, ಲೆಕ್ಕ ಎಲ್ಲವನ್ನೂ ಇನ್ನೊಮ್ಮೆ ನೋಡಿ. ಮತ್ತೆ ಅದೇ ಬಂದರೆ ಕಲ್ಲನ್ನು ನಿಮ್ಮ ವಿಜ್ಞಾನ ಮೇಷ್ಟ್ರಿಗೆ ಒಯ್ದು ತೋರಿಸಿ. ಅದು ಕಬ್ಬಿಣದ ಅದಿರಾಗಿರಬಹುದು, ಗಾರ್ನೆಟ್ ಅಥವಾ ಕುರಂದವೂ ಆಗಿರಬಹುದು.